ಕೈ ಕೊಡವಬೇಡ

ಸೈಕಲ್ಲಿನಲ್ಲಿ ಬಂದ ಪರದೇಶದವರಿಬ್ಬರು
ನಮ್ಮ ಗುಡಾರಕ್ಕೆ ಒಂದು ಸುತ್ತು ಹಾಕಿ
ಬಚ್ಚಲೆಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದರು,
ತಲೆಯ ಮೇಲೆ ಹತ್ತು ಬೆರಳ ಮಳೆ ಸುರಿಸಿ.
ಅತ್ತೆ ಬಾತ್ಮಾ ಆಕಾಶ ನೋಡಿದಳು.
"ಇವತ್ತು ಬರಲಿಕ್ಕಿಲ್ಲ" ಅಂದಳು.

ಸೋನ್‌ಕೋಲ್ ಸರೋವರ ಎದುರಿಗೇ ಇದೆ,
ಕಣ್ಣು ಸೋಲುವವರೆಗೆ ನೀರು.
ಅದರಲ್ಲಿ ನಾವು ಮೈ ತೊಳೆಯುವುದಿಲ್ಲ.
ಕುರಿ ಕುಡಿಯುತ್ತದೆ, ಕುದುರೆ ಕುಡಿಯುತ್ತದೆ, ನಾವೂ.
ದಡದ ಹುಲ್ಲಲ್ಲಿ ಹೆಬ್ಬಾತು ಮರಿ ಮಾಡಿದೆ.
ಬಕೆಟ್ಟಿನಲ್ಲಿ ತುಂಬಿ, ನಲವತ್ತು ಹೆಜ್ಜೆ ಈಚೆ ತಂದು,
ಕೊಳೆಯನ್ನು ಹುಲ್ಲಿಗೆ ಕೊಡಬೇಕು.
ಹೆಜ್ಜೆ ಎಣಿಸಿದವರು ಯಾರೋ.
ಅತ್ತೆಗೆ ನಲವತ್ತು, ನನ್ನ ಉದ್ದ ಕಾಲಿಗೆ ಮೂವತ್ತನಾಲ್ಕು.

ಮೊದಲ ಬೇಸಿಗೆ. ನಾನು ನಾರಿನ್ ಪಟ್ಟಣದವಳು,
ನಲ್ಲಿ ತಿರುಗಿಸಿ ಬೆಳೆದವಳು.
ಹೆಸರು ಜಿಪಾರ್, ಕಸ್ತೂರಿ ಎಂದು ಅರ್ಥ.
ಹನ್ನೊಂದನೆಯ ದಿನ ಅಂಗಿಯ ಕಾಲರಿನೊಳಗೆ ಮೂಗಿಟ್ಟು
ಹೆಸರಿಟ್ಟವರನ್ನು ನೆನೆದು ನಕ್ಕೆ.
ನಕ್ಕು ನಕ್ಕು ಅತ್ತೆ.

ಬೆರಣಿಯ ಒಲೆಯ ಮೇಲೆ ಕುಮ್ಗಾನ್ ಕೂತಿತ್ತು:
ಕೊಕ್ಕಿನ ತಂಬಿಗೆ, ಮೈಯೆಲ್ಲ ಮಸಿ.
ಒಬ್ಬಳಿಗೆ ಒಂದು ಕುಮ್ಗಾನ್. ಇನ್ನೊಂದು ಕೇಳಬಾರದು.
ಮೊದಲು ಮುಖ, ಕಿವಿಯ ಹಿಂದು, ಕಂಕುಳು,
ಆಮೇಲೆ ಹೇಳದೆ ಗೊತ್ತಿರುವುದು, ಕೊನೆಗೆ ಪಾದ.
ಪಾದದಿಂದಿಳಿದ ನೀರು ಬೋಗುಣಿಯಲ್ಲಿ ನಿಂತರೆ
ಅದರಲ್ಲಿ ಕಾಲುಚೀಲ.
ಭಾನುವಾರ, ಅಂದರೆ ನಾವು ಭಾನುವಾರ ಅಂದುಕೊಂಡ ದಿನ,
ತಲೆಗೆ ಹುಳಿಮೊಸರು ತಿಕ್ಕಿ
ಬಿಸಿಲಲ್ಲಿ ಕೂತು ನೊಣಗಳೊಂದಿಗೆ ಜಗಳ.

ತನ್ನೆರಡು ಕೈಗೆ ತಾನೇ ಸುರಿದುಕೊಳ್ಳಲಾಗದ ಪಾತ್ರೆ ಅದು.
ಸುರಿಯಲು ಇನ್ನೊಬ್ಬರು ಬೇಕು,
ಮಾತು ಬಿಟ್ಟ ದಿನವೂ.
ಅವಳು ಮುಖ ಆಚೆ ತಿರುಗಿಸಿ ಸುರಿಯುತ್ತಿದ್ದಳು,
ನಾನು ಮುಖ ಈಚೆ ತಿರುಗಿಸಿ ತೊಳೆಯುತ್ತಿದ್ದೆ.
ತೊಳೆದ ಕೈ ಒಮ್ಮೆ ಕೊಡವಿದೆ. ಹನಿ ಹಾರಿತು.
"ಕೊಡವಬೇಡ."
ಯಾಕೆ?
"ಕೊಡವಬೇಡ ಅಷ್ಟೆ. ಆರುವ ತನಕ ನಿಲ್ಲು."

ಎರ್ಕಿನ್ ಸಂತೆಯಿಂದ ಕದ್ದು ತಂದುಕೊಟ್ಟ ಸಾಬೂನು
(ಅಮ್ಮನ ಕಣ್ಣಿಂದ ಕದ್ದು, ಅಂಗಡಿಯಿಂದಲ್ಲ)
ನೇರಳೆ ಬಣ್ಣ, ಸುತ್ತಿದ ಕಾಗದದಲ್ಲೂ ಹೂವು.
ರಾತ್ರಿ ಎಲ್ಲರೂ ಮಲಗಿದ ಮೇಲೆ
ನಕ್ಷತ್ರ ಬಿದ್ದ ಬಕೆಟ್ಟಿನಿಂದ ಮೊಗೆದು ಮೊಗೆದು
ಹಲ್ಲು ಕಟಕಟ, ಮೈಯೆಲ್ಲ ನೊರೆ.
ಮತ್ತೆ ನನ್ನ ಹೆಸರು ನನಗೆ ಬಂದಂತಾಯಿತು.

ಬೆಳಿಗ್ಗೆ ಕಂದು ಕುದುರೆ ನನ್ನನ್ನು ಗುರುತಿಸಲಿಲ್ಲ.
ನಿನ್ನೆ ಹಾಲು ಕೊಟ್ಟವಳು ಇಂದು ಮೂಗು ಅರಳಿಸಿ
ಬಿರ್ರೆಂದು ಉಸಿರು ಬಿಟ್ಟು ಬಕೆಟ್ಟಿಗೆ ಒದ್ದಳು.
ಮರಿಯನ್ನು ಹತ್ತಿರ ತಂದರೂ ಒದ್ದಳು.
ಅಪಾ ಬಂದಳು. ನನ್ನ ಅಂಗೈ ಮೂಸಿದಳು.
ಏನೂ ಅನ್ನಲಿಲ್ಲ; ಅನ್ನದಿದ್ದದ್ದೇ ಕೆಂಪಗೆ ಕಿವಿಗೆ ತಾಗಿತು.
ನನ್ನ ಮಣಿಕಟ್ಟು ಹಿಡಿದು
ಮರಿಕುದುರೆಯ ಕತ್ತಿನ ಬೆವರಿಗೆ ಎರಡೂ ಕೈ ಉಜ್ಜಿ,
ಬೂದಿಯಲ್ಲಿ ಅದ್ದಿ, ಹುಳಿಹಾಲಲ್ಲಿ ತೊಳೆದು, ಮತ್ತೆ ಮರಿಗೆ ಉಜ್ಜಿ
"ಹ್ಞೂಂ, ಈಗ ಚೊಕ್ಕ" ಅಂದಳು.
ಕುದುರೆ ಮೂಸಿ ಯೋಚಿಸಿತು.
ಆಮೇಲೆ ಹಾಲಿನ ಸದ್ದು.

ಉಳಿದ ಸಾಬೂನನ್ನು ಈ ಸೈಕಲ್ಲಿನವರಿಗೆ ಕೊಟ್ಟೆ.
ಎದೆಗೆ ಕೈಯಿಟ್ಟು ಬಾಗಿದರು ಪಾಪ.
ನಲವತ್ತು ಹೆಜ್ಜೆ ನಾನೇ ಎಣಿಸಿ ತೋರಿಸಿದೆ,
ಅವಳ ಹೆಜ್ಜೆಯಲ್ಲಿ.

ಸೆಪ್ಟೆಂಬರಿಗೆ ಕೆಳಗಿಳಿದೆವು. ಊರ ಹಬೆಮನೆಯಲ್ಲಿ
ಹಂಡೆಗಟ್ಟಲೆ ಬಿಸಿನೀರು, ಯಾರೂ ಲೆಕ್ಕ ಇಡುವುದಿಲ್ಲ.
ಅಪಾಳ ಬೆನ್ನಿಂದ ಇಳಿದ ಬೂದುನೀರಲ್ಲಿ
ಹೊಗೆ, ಉಣ್ಣೆ, ಜೂನ್, ಜುಲೈ
ಮೋರಿ ಸೇರಿದವು.

ಈಗ ಮನೆಯ ನಲ್ಲಿಗೆ ಯಾರೂ ಬೇಡ.
ತಿರುಗಿಸುತ್ತೇನೆ, ಬರುತ್ತದೆ.
ಜಗಳವಾದರೆ ಮೂರು ದಿನ ಮಾತಿಲ್ಲ.
ಅವಳು ಒಳಗೆ ಟೀವಿಯ ಮುಂದೆ,
ನಾನು ಇಲ್ಲಿ, ಕೈ ತೊಳೆದು
ಕೊಡವದೆ ನಿಂತಿದ್ದೇನೆ, ಹನಿ ತೊಟ್ಟಿಕ್ಕುತ್ತ.

ಸದ್ದು ಕೇಳಿರಬೇಕು. ನಾಲ್ಕನೆಯ ದಿನದ ಮಾತು:
"ಟವಲು ಅಲ್ಲೇ ಇದೆಯಲ್ಲೇ, ಕಾಣುವುದಿಲ್ಲವೇ?"