ಎಲ್ಲಕ್ಕೂ ಅನ್ವಯಿಸು

ಶಿವಮೊಗ್ಗದ ದುರ್ಗಿಗುಡಿ. ಮಹಡಿ ಮೇಲೆ ಸ್ಟುಡಿಯೋ,
ಕೆಳಗೆ ಹಿಟ್ಟಿನ ಗಿರಣಿ.
ದಿನಾ ಬೆಳಿಗ್ಗೆ ಕೀಬೋರ್ಡಿನ ಮೇಲೆ ತೆಳ್ಳಗೆ ರಾಗಿಹಿಟ್ಟು.
ವೇಲಿನ ತುದಿಯಿಂದ ಒರೆಸಿ ತೆರೆಯುತ್ತೇನೆ
ಆಯನೂರಿನ ಶಾಲೆಯ ನಾನೂರಾ ಹನ್ನೆರಡು ಮುಖ.
ಸೋಮವಾರಕ್ಕೆ ಗುರುತಿನ ಚೀಟಿ ಆಗಬೇಕು.

ಹಳೆಯ ತಂತ್ರಾಂಶ ಹೋದ ವಾರ ಕಣ್ಣು ಮುಚ್ಚಿತು.
‘ಬೇರೆ ನೋಡಮ್ಮ ಫಿಲೋಮಿನಾ’ ಅಂದರು ತಿಪ್ಪೇಶಪ್ಪನವರು,
‘ದುಡ್ಡು ಕೇಳಬಾರದು, ಕೆಲಸಕ್ಕೆ ಹಿಂದೆ ಬೀಳಬಾರದು’—
ಥೇಟ್ ಸೊಸೆ ಹುಡುಕುವವರ ಹಾಗೆ.

ಮೊದಲನೆಯದು ಚೆಲುವೆ. ಮೂವತ್ತು ದಿನ ಪುಕ್ಕಟೆ,
ಆಮೇಲೆ ಒಂದೊಂದು ಮಗುವಿನ ಹಣೆಗೂ
ತನ್ನ ಹೆಸರಿನ ಮುದ್ರೆ.
ಎರಡನೆಯದು ತೋರಿಸುತ್ತದೆ, ಅಷ್ಟೇ.
ಬಾಣ ಒತ್ತಿದರೆ ಮುಂದಿನದು, ಒತ್ತಿದರೆ ಹಿಂದಿನದು.
ಬಸ್ ಸ್ಟ್ಯಾಂಡಿನ ಬೆಂಚಿನ ಮುದುಕನಂತೆ
ಎಲ್ಲರನ್ನೂ ನೋಡುತ್ತೆ, ಯಾರ ಗೋಜಿಗೂ ಹೋಗಲ್ಲ.

ಮೂರನೆಯದು ಅತಿಬುದ್ಧಿವಂತ.
ಕೇಳದೆಯೇ ಮುಖ ಹಿಡಿದು ಗುಂಪು ಕಟ್ಟಿತು.
ಏಳನೇ ತರಗತಿಯ ಅವಳಿ, ಚಿನ್ಮಯಿ ತನ್ಮಯಿ,
ಇಬ್ಬರೂ ಒಬ್ಬಳೇ ಅಂದಿತು.
ಒಬ್ಬಳ ಗದ್ದಕ್ಕೆ ಎಮ್ಮೆ ಹಾದ ಗಾಯ;
ಅದಕ್ಕೆ ಕಾಣಲಿಲ್ಲ.
ಕಿಟಕಿಯಲ್ಲಿ ಇಣುಕಿದ ಬಿಸಿಯೂಟದ ಅಕ್ಕನಿಗೆ
ಹೊಸ ಕ್ರಮಸಂಖ್ಯೆ ಕೊಟ್ಟು ಶಾಲೆಗೆ ಸೇರಿಸಿತು.
(ಅದೊಂದನ್ನು ಅಳಿಸಲು ಮನಸ್ಸಾಗಲಿಲ್ಲ.)

ನಾಲ್ಕನೆಯದು ದುಡಿಮೆಗಾರ.
ಕತ್ತರಿಸು, ಹೆಸರಿಡು, ಹಿಂದೆ ನೀಲಿ ಬಳಿ,
ಬೆಳಕು ಇಪ್ಪತ್ತು ಹೆಚ್ಚು—
ಕೊನೆಗೆ ಒಂದೇ ಗುಂಡಿ: ಎಲ್ಲಕ್ಕೂ ಅನ್ವಯಿಸು.
ಒತ್ತಿದೆ. ಹಸಿರು ಪಟ್ಟಿ ತೆವಳಿತು.
ಕೆಳಗೆ ಬೆಲ್ಟು ಕೀರ್ ಎಂದಿತು, ಮೇಜು ನಡುಗಿತು.
ನಾನೂರಾ ಹನ್ನೆರಡೂ ಜನ ಹೊರಬಂದರು.
ರಾಗಿ ಹಾಕಿದ್ದೆ,
ಮೈದಾ ಬಂತು.

ನನ್ನದೊಂದು ಹಾಲ್ ಟಿಕೆಟ್ ಇತ್ತು. ಹತ್ತನೇ ತರಗತಿ, ಗಣಿತದ ದಿನ.
ಯಾವನೋ ಪುಣ್ಯಾತ್ಮ ಫೋಟೋದಲ್ಲಿ ನನ್ನನ್ನು ತೊಳೆದಿಟ್ಟಿದ್ದ.
ಕೊಠಡಿಯ ಮೇಷ್ಟ್ರು ಚೀಟಿ ನೋಡಿದರು, ನನ್ನ ನೋಡಿದರು,
ಮತ್ತೆ ಚೀಟಿ. ‘ಇದು ನೀನಾ?’
ಹದಿನೈದು ನಿಮಿಷ ಬಾಗಿಲಲ್ಲಿ ನಿಂತಿದ್ದೆ,
ನಾನು ನಾನೇ ಅನ್ನುವುದಕ್ಕೆ ಸಾಕ್ಷಿ ಸಿಗುವ ತನಕ.

ಮೂಲ ಚಿತ್ರಗಳು ಕ್ಯಾಮೆರಾದ ಕಾರ್ಡಿನಲ್ಲಿದ್ದವು, ಸದ್ಯ.
ಕತ್ತರಿಸುವುದು, ಹೆಸರಿಡುವುದು ನಾಲ್ಕನೆಯದಕ್ಕೆ ಬಿಟ್ಟೆ.
ಬೆಳಕನ್ನು ಬಿಡಲಿಲ್ಲ.
ಆಮೇಲೆ ಬೆಂಚಿನ ಮುದುಕನ ಪಕ್ಕ ಕೂತು
ಬಾಣ ಒತ್ತುತ್ತಾ ಹೋದೆ, ಒಬ್ಬೊಬ್ಬರನ್ನೇ.
ಕಣ್ಣು ಮುಚ್ಚಿದವರು ಹನ್ನೊಂದು.
ಗುಂಡಿ ತಪ್ಪಿ ಹಾಕಿಕೊಂಡವರು, ಲೆಕ್ಕ ಬಿಟ್ಟೆ.
ಗಾಯದವಳು ತನ್ಮಯಿ. ಅವಳ ಹೆಸರನ್ನು ಕೈಯಾರೆ ಟೈಪು ಮಾಡಿದೆ.

ರಾತ್ರಿ ಶಟರ್ ಎಳೆಯುತ್ತಾ ತಿಪ್ಪೇಶಪ್ಪನವರು ಕೇಳಿದರು,
‘ಯಾವುದು ಆರಿಸಿದೆ?’
‘ಎರಡು ಇಟ್ಕೊಂಡಿದ್ದೀನಿ ಸಾರ್. ಒಂದು ಕೆಲಸ ಮಾಡುತ್ತೆ.’
‘ಇನ್ನೊಂದು?’
‘ಏನೂ ಮಾಡಲ್ಲ.’
ಅವರು ಸ್ವಲ್ಪ ಯೋಚಿಸಿ, ಅದಕ್ಕೆ ದುಡ್ಡೆಷ್ಟು ಅಂದರು.