ಧ್ವನಿಮತ

ಭದ್ರಾವತಿಯ ಹಳೇ ಸೇತುವೆ ದಾಟಿದರೆ ನನ್ನ ಅಂಗಡಿ,
ಅಂತೋಣಿ ಸೌಂಡ್ಸ್.
ಮದುವೆ, ನಾಟಕ, ಶವದ ಮುಂದಿನ ಪ್ರಾರ್ಥನೆ,
ಎಲ್ಲಕ್ಕೂ ಅವೇ ಎರಡು ಪೆಟ್ಟಿಗೆ, ಅದೇ ವೈರು.
ಶಂಕರಘಟ್ಟದ ಯೂನಿವರ್ಸಿಟಿಯವರು ಫೋನು ಮಾಡಿ
ಹಾಲಿನ ಮೈಕು ಕೆಟ್ಟಿದೆ, ಬಾ ಮಾರಾಯ ಅಂದರು.
ಯಾರ ಭಾಷಣ?
ಮಾಜಿ ಶಾಸಕರು, ಬೂದ್ಯಪ್ಪನವರು.

ಆ ಗಂಟಲು ನನಗೆ ಹೊಸದಲ್ಲ.
ಎರಡು ಚುನಾವಣೆ ಅವರ ಜೀಪಿನ ನೆತ್ತಿಗೆ ಹಾರನ್ನು ಕಟ್ಟಿದವನು ನಾನು.
ಗೆದ್ದ ಸಲ ಬಾಡಿಗೆ ಕೊಡಲಿಲ್ಲ.
ಸೋತ ಸಲ ಎರಡನ್ನೂ ಸೇರಿಸಿ ಕೊಟ್ಟರು.

ಈಗ ಎಂಬತ್ತೊಂದು. ಬಸ್ಸಿನಲ್ಲಿ ಬಂದಿಳಿದರು,
ಕೈಯಲ್ಲಿ ಬಟ್ಟೆಚೀಲ, ಚೀಲದಲ್ಲಿ ಮಾತ್ರೆಡಬ್ಬಿ.
ಶಾಲು ಹೊದಿಸಿದ್ದಾಯಿತು, ಗಿಡಕ್ಕೆ ನೀರೆರೆದದ್ದಾಯಿತು.
ಮೈಕಿಗೆ ಎರಡು ಸಲ ಊದಿ
"ಕೇಳಿಸ್ತದಾ?" ಅಂದರು.
ಹಾಲಿಗೆ ಹಾಲೇ "ಹೌದು" ಅಂತು.

ಬಲಗಡೆ ಪೆಟ್ಟಿಗೆ ಸತ್ತಿತ್ತು.
ಹಿಂದಿನ ಐದು ಸಾಲಿಗೆ ಬರೀ ತುಟಿ ಆಡುತ್ತಿತ್ತು.
ಅವರೂ ಹೌದು ಅಂದಿದ್ದರು.

ನಾನು ಗೋಡೆಗುಂಟ ಕುಕ್ಕರಗಾಲಲ್ಲಿ ಸರಿಯುತ್ತ
ವೈರು ತಡವುತ್ತಿದ್ದೆ. ಮೇಲೆ ಅವರು
ರಸ್ತೆ ಹೇಳಿದರು, ಹೈಸ್ಕೂಲು ಹೇಳಿದರು,
ಹದಿನೇಳು ಕೊಳವೆಬಾವಿ, ಒಂದರಲ್ಲಿ ನೀರು ಬಂದದ್ದು ಹೇಳಿದರು.
ಮುಂದಿನ ಸಾಲಿನ ಪ್ರೊಫೆಸರು ಮೊಬೈಲಿನ ಬೆಳಕಲ್ಲಿ
ಉಗುರು ನೋಡಿಕೊಳ್ಳುತ್ತಿದ್ದರು.
ಇಲಿ ಕಡಿದ ಜಾಗ ಸಿಕ್ಕಿತು. ಹಲ್ಲಲ್ಲಿ ಸಿಪ್ಪೆ ಸುಲಿದು
ತಂತಿಗೆ ತಂತಿ ತಿರುಚಿದೆ.
ಬಲಗಡೆಯಿಂದ ಒಮ್ಮೆಲೇ ಅವರ ಕೆಮ್ಮು ಬಂತು.
ಆಮೇಲೆ ಈ ಮಾತು:

"ಒಂದು ದಿನ ಸದನದಲ್ಲಿ ಗದ್ದಲ.
ಬಾವಿಗಿಳಿದವರು ಕಾಗದ ಹರಿದು ತೂರುತ್ತಿದ್ದರು.
ಪರವಾಗಿರುವವರು ಹೌದು ಎನ್ನಿ ಅಂದರು ಪೀಠದಿಂದ.
ನನ್ನ ಬಾಯಿ ತನ್ನಷ್ಟಕ್ಕೆ ತಾನೇ ಹೌದು ಅಂತು.
ಯಾತಕ್ಕೆ ಅಂದೆ ಅಂತ
ಮಾರನೆಯ ದಿನ ಪೇಪರಲ್ಲಿ ಓದಿದೆ."

"ಆರು ತಿಂಗಳಿಗೆ ತಾಂಡಾದಿಂದ ಸೋಮ್ಲಿಬಾಯಿ ಬಂದಳು.
ಎರಡೆಕರೆ ಸಾಗುವಳಿ, ಗಂಡ ಕಡಿದ ಕಲ್ಲು ಇನ್ನೂ ಬದುವಿನಲ್ಲಿ,
ಆ ಕಾಯ್ದೆಯಲ್ಲಿ ಹೋಗಿತ್ತು.
ಕೂರಲಿಲ್ಲ, ಚಾ ಮುಟ್ಟಲಿಲ್ಲ.
ನೀನು ಇದ್ಯಾ ಅಲ್ಲಿ, ಅವತ್ತು? ಅಂದಳು.
ಹೌದು ಅಂದೆ.
ಐದು ವರ್ಷ ಅಲ್ಲಿ ಸಲೀಸಾಗಿ ಬರ್ತಿದ್ದ ಮಾತು
ಜಗಲಿಯ ಮೇಲೆ ಬರೋದಕ್ಕೆ ಎಷ್ಟು ಹೊತ್ತು ಹಿಡೀತು ಅಂತೀರಿ."

ಯಾರೂ ಕೆಮ್ಮಲಿಲ್ಲ. ಫ್ಯಾನಿನ ಸದ್ದನ್ನು
ನನ್ನ ಪೆಟ್ಟಿಗೆಗಳು ಎರಡೂ ಕಡೆಯಿಂದ ದೊಡ್ಡದು ಮಾಡುತ್ತಿದ್ದವು.

ಕೊನೇ ಸಾಲಿಂದ ಒಬ್ಬಳು ಎದ್ದಳು,
ಎಂ.ಎ. ಎರಡನೇ ವರ್ಷ, ಸಫೂರಾ ಅಂತ.
"ನೀವು ಇಲ್ಲ ಅಂದಿದ್ದರೆ ಏನಾಗ್ತಿತ್ತು ಸಾರ್?"

"ಏನೂ ಆಗ್ತಿರಲಿಲ್ಲ ತಾಯಿ.
ಮಸೂದೆ ಪಾಸಾಗ್ತಿತ್ತು, ನನಗೆ ಟಿಕೆಟ್ ತಪ್ಪುತ್ತಿತ್ತು.
ಎದ್ದು ನಿಂತು ಕೇಳಿದ್ದರೆ ಕಡತದಲ್ಲಿ ಒಂದು ಸಾಲು:
ಸದಸ್ಯರೊಬ್ಬರು ಸಾಗುವಳಿದಾರರ ಗತಿಯೇನೆಂದು ಕೇಳಿದರು.
ಅಷ್ಟೇ.
ಅವಳ ವಕೀಲ ಆ ಸಾಲನ್ನೇ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದ,
ಮೂರು ದಿನ ಕೂತು ಹಾಳೆ ತಿರುವಿದ್ದ."

ನೀರು ಕುಡಿದರು. ಲೋಟ ಇಡುವಾಗ ಮೈಕಿಗೆ ತಾಗಿ
ಕೀರಲು ಎದ್ದಿತು, ಇಳಿಸಿದೆ.
ವಂದನಾರ್ಪಣೆ ಮಾಡಿದವರು "ಸ್ಫೂರ್ತಿದಾಯಕ" ಅಂದರು,
ನಾಲ್ಕು ಸಲ.

ಎಲ್ಲರೂ ಊಟಕ್ಕೆ ಹೋದ ಮೇಲೆ
ನಾನು ವೈರು ಸುತ್ತುತ್ತಿದ್ದೆ, ಮೊಣಕೈಗೂ ಹೆಬ್ಬೆರಳಿಗೂ ನಡುವೆ.
ಹತ್ತಿರ ಬಂದು ನಿಂತರು. ಹಣ್ಣಿನ ಬುಟ್ಟಿ ನನ್ನ ಪೆಟ್ಟಿಗೆಯ ಮೇಲಿಟ್ಟು
"ಅಂತೋಣಿ, ಹಿಂದಿನವರಿಗೂ ಕೇಳಿಸ್ತೇನೋ?"

ಹೌದು ಸಾರ್,
ಅದು ನಾಲಿಗೆಯ ತುದಿಗೇ ಬಂದಿತ್ತು.
ನನ್ನ ಬಾಡಿಗೆ ಇನ್ನೂ ಆಫೀಸಿನಲ್ಲಿತ್ತು.

"ಇಲ್ಲ ಸಾರ್. ಹನ್ನೊಂದು ನಿಮಿಷ ಬಲಗಡೆ ಸತ್ತಿತ್ತು."
"ಯಾವ ಹನ್ನೊಂದು?"
"ರಸ್ತೆ, ಹೈಸ್ಕೂಲು, ಕೊಳವೆಬಾವಿ."

ಹಲ್ಲಿಲ್ಲದ ಬಾಯಿ ಅಗಲ ಮಾಡಿ ನಕ್ಕರು.
"ಹೋಗಲಿ ಬಿಡು," ಅಂದು
ಬುಟ್ಟಿಯಿಂದ ಒಂದು ಕಿತ್ತಳೆ ಎತ್ತಿಕೊಂಡು
ಊಟ ಎಲ್ಲಿ ಅಂತ ಕೇಳುತ್ತ ಹೋದರು.