ಟೆಸ್ಟರಿನ ಹೊಟ್ಟಿಯೊಳಗ

ಮೇ ತಿಂಗಳ ಕಲಬುರಗಿ. ಕೂಲರ್ ಮುಟ್ಟಿದರ
ಬೆರಳ ತುದಿಗೆ ಇರುವಿ ಹರಿದಾಂಗ.
ಹಿಂದಿನ ವಾರ ಫ್ಯೂಜು ನಾನೇ ಕಟ್ಟಿದ್ದೆ,
ಅದಕ್ಕೂ ಮೊದಲ ಅಡಗಿಮನಿ ಸ್ವಿಚ್ಚು.
ಹತ್ತನೇತ್ತಾ ಹುಡುಗರಿಗೆ ಓಮನ ನಿಯಮ ಕಲಿಸಾಕಿ ನಾ,
ಮಶಾಕಗ ಯಾಕ ಮುನ್ನೂರು ರೂಪಾಯಿ?

ಮೇನ್ ಬಂದ್ ಮಾಡಿದೆ.
ಶಹಾಬಾದ್ ಕಲ್ಲಿನ ಮ್ಯಾಲ ಕೌದಿ ಮಡಚಿ ಹಾಕಿ,
ಅದರ ಮ್ಯಾಲ ಸ್ಟೂಲು.
ಬೋರ್ಡಿನ ನಾಕು ತಿರುಪು ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡೆ.
ಒಳಗ ಮೂರು ವೈರು,
ಮೂರೂ ಒಂದೇ ಕೆಂಪು.
ಮನಿ ಕಟ್ಟಿದಾಂವ ಯಾವ ಬಂಡಲ್ ಸೋವಿ ಸಿಕ್ಕಿತೋ ಅದನ್ನೇ ಎಳದಾನ.

ಸುಮ್ಮನ, ಇರಲಿ ಅಂತ, ಟೆಸ್ಟರ್ ಹಚ್ಚಿದೆ.
ಅದರ ಹೊಟ್ಟಿಯೊಳಗ ಸಣ್ಣ ದೀಪ.

ಮೇನ್ ಬಂದ್ ಅದ. ದೀಪ ಹತ್ತೇದ.
ನಾ ಕಲಿಸಿದ ಯಾವ ಪಾಠದಾಗೂ ಇಲ್ಲದ ಕರೆಂಟು.

ಇಳಿದು ಫೋನ್ ಹಚ್ಚಿದೆ.
"ಇನ್ವರ್ಟರ್ ಅದ ಏನ್ರಿ ಬಾಯೋರ?
ಮುಟ್ಟಬ್ಯಾಡ್ರಿ, ಬಂದೆ."

ಬಂದಾಂವ ಮೊದಲ ಕೇಳಿದ್ದು ಒಂದು ಕೊಡ ನೀರು.
ಹಿತ್ತಲದಾಗಿನ ಅರ್ಥಿಂಗ್ ಕುಣಿ ಬ್ಯಾಸಗಿಗೆ ಒಣಗಿ ಬಿರಿದಿತ್ತು.
"ನೆಲಕ್ಕೂ ನೀರಡಸ್ತದ್ರಿ."

ಸೆರಗಿನ ಗಂಟು ಬಿಚ್ಚಿ
ತಿರುಪು ಅವನ ಅಂಗೈಗೆ ಹಾಕಿದೆ.
ಮೂರೇ ಇದ್ದವು.
ಇನ್ನೊಂದಕ್ಕ ಇಬ್ಬರೂ ಬಗ್ಗಿ
ಸ್ಟೂಲಿನ ಕೆಳಗ ಹುಡುಕಿದಿವಿ.